ಓದು ಬಲ್ಲ ಹೆಬ್ಬೆಟ್ಟುಗಳು



ಈ ಸಲದ ಅಂಕಣ ನೇರವಾಗಿ ನಿಮಗೇ. ಹಿರಿಯರು ಓದಬಾರದೆಂದೇನೂ ಇಲ್ಲ. ಆದರೆ ಇಲ್ಲಿ ಕೇಳಲಿರುವ ಪ್ರಶ್ನೆಗೆ ಉತ್ತರ ಕೊಡಬೇಕಾದವರು ನೀವು. ಅಂದರೆ ಮುಂಬಯಿಯಲ್ಲೇ ಹುಟ್ಟಿ, ಲೋಕಲ್ ಗಾಡಿಯ ನೂಕುನುಗ್ಗಲಿನಲ್ಲೇ ಬೆಳೆದು, ಮನೆಯಲ್ಲಿ ಕನ್ನಡವನ್ನೋ ತುಳುವನ್ನೋ ಕೊಂಕಣಿಯನ್ನೋ ಆಡಿ, ಮೆಟ್ಟಿಲಿಳಿದರೆ ಮರಾಠಿ-ಹಿಂದಿಯಲ್ಲಿ ವ್ಯವಹರಿಸಿ, ಕಾಲೇಜು-ಕಚೇರಿಯಲ್ಲಿ ಇಂಗ್ಲಿಷಿಗೆ ಹೊರಳುವವರು. ಪ್ರಶ್ನೆ ಇಷ್ಟೇ: ನಿಮ್ಮ ಮನೆಯಲ್ಲಿ ‘ಐ ಅಗ್ರೀ’ ಎಂಬ ಗುಂಡಿಯನ್ನು ಒತ್ತುವವರು ಯಾರು?

ನನ್ನ ಊಹೆ ಸರಿಯಾಗಿದ್ದರೆ ಅದು ನೀವೇ. ಅಪ್ಪನ ಬ್ಯಾಂಕಿನ ಆ್ಯಪ್ ಹಾಕಿಕೊಟ್ಟವರು ನೀವು. ಅಮ್ಮನ ತರಕಾರಿ ತರಿಸುವ ಆ್ಯಪ್, ಊರಿನಿಂದ ಬಂದು ನಿಮ್ಮೊಡನಿರುವ ಅಜ್ಜಿಯ ವಾಟ್ಸಾಪ್, ವಿದ್ಯುತ್ ಬಿಲ್ಲು, ರೈಲ್ವೆ ಟಿಕೇಟು, ಆಸ್ಪತ್ರೆಯ ಅಪಾಯಿಂಟ್‌ಮೆಂಟು ಎಲ್ಲವೂ ನಿಮ್ಮ ಕೈಯಲ್ಲೇ. ಅವರು ಫೋನನ್ನು ನಿಮ್ಮತ್ತ ಚಾಚಿ, “ಇದೇನೋ ಕೇಳ್ತಾ ಇದೆ, ನೋಡು ಮಗಾ” ಎನ್ನುತ್ತಾರೆ. ನೀವು ಟಿವಿಯಿಂದ ಕಣ್ಣು ತೆಗೆಯದೆ ಹೆಬ್ಬೆರಳಿನಿಂದ ಒಂದು, ಎರಡು, ಮೂರು ಬಾರಿ ಒತ್ತಿ, “ಹಾಂ, ಆಯ್ತು” ಎಂದು ಹಿಂತಿರುಗಿಸುತ್ತೀರಿ. ಆ ಮೂರು ಒತ್ತುಗಳಲ್ಲಿ ಅಜ್ಜಿ ಏನೇನಕ್ಕೆ ಒಪ್ಪಿದರು? ಅವರಿಗೆ ಗೊತ್ತಿಲ್ಲ. ನಿಮಗಾದರೂ ಗೊತ್ತಿದೆಯೇ?

ಈ ನಗರದ ಕನ್ನಡಿಗರ ಹಳೆಯ ಕಥೆಯೊಂದನ್ನು ಇಲ್ಲಿ ನೆನಪಿಸಬೇಕು. ದಕ್ಷಿಣ ಕನ್ನಡದಿಂದ ಬರಿಗೈಯಲ್ಲಿ ಬಂದ ಹುಡುಗರು ಹಗಲಿಡೀ ಹೋಟೆಲಿನಲ್ಲಿ ಕಪ್ಪುಬಸಿ ತೊಳೆದು, ರಾತ್ರಿ ಕೋಟೆ ಪ್ರದೇಶದ ಕನ್ನಡ ರಾತ್ರಿ ಶಾಲೆಗಳಲ್ಲಿ ಅಕ್ಷರ ಕಲಿತರು. ಕಣ್ಣು ಎಳೆಯುತ್ತಿದ್ದರೂ ಅವರು ಕಲಿತದ್ದೇಕೆ? ಕೆಲಸ, ಸಂಬಳ, ಮರ್ಯಾದೆ ಎಲ್ಲವೂ ಕಾರಣವೇ. ಅದರ ಜೊತೆಗೆ ಇನ್ನೊಂದು ಸಣ್ಣ ಕಾರಣವೂ ಇತ್ತು: ಊರಿನಿಂದ ಬಂದ ಕಾಗದವನ್ನು ಮತ್ತೊಬ್ಬರ ಕೈಯಲ್ಲಿ ಓದಿಸಬಾರದು, ಮನಿಯಾರ್ಡರಿನ ಫಾರಮಿಗೆ ಹೆಬ್ಬೆಟ್ಟು ಒತ್ತಬಾರದು. ಸಹಿ ಮಾಡಬಲ್ಲವನನ್ನು ಮೋಸಗೊಳಿಸುವುದು ಕಷ್ಟ ಎಂಬುದು ಆ ಕಾಲದ ನಂಬಿಕೆ. ಓದಲು ಬಾರದವರಿಗೆ ಓದಿ ಹೇಳುವ ಕೆಲಸವನ್ನು ಆ ಹುಡುಗರೇ ಮುಂದೆ ವಹಿಸಿಕೊಂಡರು. ಪತ್ರದಲ್ಲಿದ್ದುದನ್ನು ಇದ್ದಂತೆ ಓದಿದರೆ ಮಾತ್ರ ಓದಿ ಹೇಳುವವನಿಗೆ ಬೆಲೆ.

ಈಗ ಆ ಸ್ಥಾನ ನಿಮ್ಮದು. ಪದವಿ ನಿಮಗಿದೆ, ಇಂಗ್ಲಿಷು ನೀರು ಕುಡಿದಂತೆ ಬರುತ್ತದೆ. ಆದರೂ ಪುಟಗಟ್ಟಲೆ ಷರತ್ತುಗಳ ಕೆಳಗೆ ನೀವು ಇಡುತ್ತಿರುವುದು, ಕಣ್ಣು ಹಾಯಿಸದೆ ಒತ್ತಿದ ಅದೇ ಹೆಬ್ಬೆಟ್ಟು. ಓದು ಬಾರದೆ ಒತ್ತಿದವರನ್ನು ಲೋಕ ‘ಹೆಬ್ಬೆಟ್ಟು’ ಎಂದು ಕರೆದು ನಕ್ಕಿತು. ಓದು ಬಂದೂ ಒತ್ತುವವರನ್ನು ಏನೆಂದು ಕರೆಯೋಣ?

ಕೋಪಿಸಿಕೊಳ್ಳಬೇಡಿ. ಆ ಷರತ್ತುಗಳನ್ನು ಯಾರೂ ಓದಬಾರದೆಂದೇ ಬರೆದಂತಿರುತ್ತದೆ ಎಂಬುದು ನನಗೂ ಗೊತ್ತು. ಒಂದು ದಿನಕ್ಕೆ ಎದುರಾಗುವ ಷರತ್ತುಗಳನ್ನೆಲ್ಲ ಅಕ್ಷರಶಃ ಓದಲು ಕೂತರೆ ಚರ್ಚ್‌ಗೇಟಿನ ಗಾಡಿ ತಪ್ಪುವುದು ಖಂಡಿತ. ಹಾಗಾಗಿ ಎಲ್ಲವನ್ನೂ ಓದಿ ಎಂಬ ಉಪದೇಶ ಈ ಅಂಕಣದಲ್ಲಿಲ್ಲ. ಎಲ್ಲಿ ನಿಲ್ಲಬೇಕು, ಎಲ್ಲಿ ‘ಬೇಡ’ ಎನ್ನಬಹುದು, ‘ಬೇಡ’ ಎನ್ನುವ ಹಕ್ಕು ನಮಗೆ ಎಲ್ಲಿಂದ ಬಂತು ಎಂಬುದಷ್ಟೇ ಇಲ್ಲಿನ ಮಾತು.

ನಮ್ಮ ನಗರದ ಒಂದು ಸಾಮಾನ್ಯ ದಿನವನ್ನೇ ತೆಗೆದುಕೊಳ್ಳಿ. ಬೆಳಿಗ್ಗೆ ಸೊಸೈಟಿಯ ಗೇಟಿನಲ್ಲಿ ವಾಚ್‌ಮನ್ ಕೈಯಲ್ಲಿರುವ ಟ್ಯಾಬಿನಲ್ಲಿ ಮನೆಗೆ ಬಂದವರ ಹೆಸರು, ಫೋನ್ ನಂಬರು, ಫೋಟೋ ದಾಖಲಾಗುತ್ತದೆ. ನಿಮ್ಮ ಮನೆಗೆಲಸದ ಬಾಯಿ ಎಷ್ಟು ಹೊತ್ತಿಗೆ ಬಂದಳು, ಎಷ್ಟು ಹೊತ್ತಿಗೆ ಹೋದಳು ಎಂಬುದೂ ಅಲ್ಲಿರುತ್ತದೆ. ಅವಳನ್ನು ಯಾರಾದರೂ ಕೇಳಿದರೇ? ಮಧ್ಯಾಹ್ನ ಝೆರಾಕ್ಸ್ ಅಂಗಡಿಯವನಿಗೆ ಆಧಾರ್ ಕಾರ್ಡನ್ನು ವಾಟ್ಸಾಪ್ ಮಾಡುತ್ತೀರಿ. ಪ್ರತಿ ತೆಗೆದ ಮೇಲೆ ಅದು ಅವನ ಫೋನಿನಲ್ಲೇ ಉಳಿಯುತ್ತದೆ. ಸಂಜೆ ಮಾಲಿನಲ್ಲಿ ಒಂದು ಜೊತೆ ಕಾಲುಚೀಲ ಕೊಂಡರೂ ಕೌಂಟರಿನಲ್ಲಿ ಮೊದಲ ಪ್ರಶ್ನೆ, “ಸರ್, ಮೊಬೈಲ್ ನಂಬರ್?” ಎಂದು. ಕಾಲುಚೀಲಕ್ಕೂ ಮೊಬೈಲಿಗೂ ಏನು ಸಂಬಂಧ ಎಂದು ನಾವು ಕೇಳುವುದಿಲ್ಲ. ಹಿಂದೆ ನಿಂತವರು ಗೊಣಗುತ್ತಾರೆಂದು ಹತ್ತು ಅಂಕೆಗಳನ್ನು ಗಟ್ಟಿಯಾಗಿ, ಇಡೀ ಸಾಲಿಗೆ ಕೇಳುವಂತೆ ಒದರಿಬಿಡುತ್ತೇವೆ.

ಬಿಲ್ಲು ಪಡೆಯಲು ನಂಬರು ಕೊಡಲೇಬೇಕೆಂದು ಅಂಗಡಿಯವರು ಒತ್ತಾಯಿಸಬಾರದು ಎಂದು ಕೇಂದ್ರದ ಗ್ರಾಹಕ ವ್ಯವಹಾರಗಳ ಇಲಾಖೆ 2023ರ ಮೇ ತಿಂಗಳಿನಲ್ಲೇ ಸೂಚನೆ ಕೊಟ್ಟಿದೆ. “ಕಾಗದದ ಬಿಲ್ಲು ಸಾಕು, ನಂಬರು ಕೊಡುವುದಿಲ್ಲ” ಎಂದು ನಗುಮೊಗದಿಂದಲೇ ಹೇಳಬಹುದು. ಕೌಂಟರಿನಲ್ಲಿ ನಿಂತ ಹುಡುಗಿಯ ಮೇಲೆ ರೇಗಬೇಡಿ. ನಿಯಮ ಮಾಡಿದವಳು ಅವಳಲ್ಲ. ಅವಳೂ ನಿಮ್ಮಂತೆ ತಿಂಗಳ ಕೊನೆಗೆ ಸಂಬಳ ಎಣಿಸುವವಳೇ.

“ಬರೇ ಒಂದು ನಂಬರು ತಾನೇ, ಕೊಟ್ಟರೇನು?” ಎಂದು ನೀವು ಕೇಳಬಹುದು. ಹನಿ ಹನಿ ಕೂಡಿದರೆ ಹಳ್ಳ, ತೆನೆ ತೆನೆ ಕೂಡಿದರೆ ಬಳ್ಳ ಎಂಬ ಗಾದೆ ಉಳಿತಾಯಕ್ಕೆ ಮಾತ್ರ ಹೇಳಿದ್ದಲ್ಲ. ಔಷಧದ ಅಂಗಡಿಯಲ್ಲಿ ಅದೇ ನಂಬರು, ಅಲ್ಲಿ ಅಪ್ಪನ ಸಕ್ಕರೆ ಕಾಯಿಲೆಯ ಮಾತ್ರೆ. ಬಟ್ಟೆಯಂಗಡಿಯಲ್ಲಿ ಅದೇ ನಂಬರು, ಅಲ್ಲಿ ನಿಮ್ಮ ಖರ್ಚಿನ ಅಂದಾಜು. ಟ್ಯಾಕ್ಸಿಯ ಆ್ಯಪಿನಲ್ಲಿ ಅದೇ ನಂಬರು, ಅಲ್ಲಿ ನೀವು ಹೋಗಿ ಬರುವ ಜಾಗಗಳು. ಬೇರೆ ಬೇರೆ ಕಡೆ ಬಿದ್ದಿರುವ ಈ ಚೂರುಗಳನ್ನು ಪೋಣಿಸುವ ದಾರ ಆ ಹತ್ತು ಅಂಕೆಗಳು. ನಾವು ವರುಷಗಟ್ಟಲೆ ಅದೇ ನಂಬರನ್ನು ಇಟ್ಟುಕೊಳ್ಳುವುದರಿಂದ ದಾರ ತುಂಡಾಗುವುದೂ ಇಲ್ಲ. ಕೊಟ್ಟವನು ಕೋಡಂಗಿ, ಇಸ್ಕೊಂಡವನು ಈರಭದ್ರ ಎನ್ನುತ್ತಾರಲ್ಲ, ಹಾಗೆ.

ಇದಕ್ಕೆ ನಮ್ಮ ಹಿರಿಯರು ಕೊಡುವ ಉತ್ತರವೊಂದಿದೆ: “ನಮ್ಮ ಹತ್ತಿರ ಮುಚ್ಚಿಡುವಂಥದ್ದು ಏನಿದೆ? ನಾವು ಚಾಳಿನಲ್ಲಿ ಬದುಕಿದವರು. ಒಂದು ಮನೆಯಲ್ಲಿ ಮೀನು ಹುರಿದರೆ ಇಪ್ಪತ್ತು ಮನೆಗೆ ಗೊತ್ತಾಗುತ್ತಿತ್ತು.” ಈ ಮಾತಿನಲ್ಲಿ ಸತ್ಯವಿದೆ, ಆದರೆ ಅರ್ಧ ಮಾತ್ರ. ಚಾಳಿನಲ್ಲಿ ಪಕ್ಕದ ಮನೆಯವರಿಗೆ ನಮ್ಮ ವಿಷಯ ಗೊತ್ತಿದ್ದಂತೆ ನಮಗೂ ಅವರ ವಿಷಯ ಗೊತ್ತಿತ್ತು. ಜಗಳ ಕೇಳಿಸಿಕೊಂಡವರೇ ಜ್ವರ ಬಂದಾಗ ಗಂಜಿ ತಂದಿಟ್ಟರು. ಅಲ್ಲಿ ನೋಡುವ ಕಣ್ಣಿಗೆ ಮುಖವಿತ್ತು, ಹೆಸರಿತ್ತು, ದಾಕ್ಷಿಣ್ಯವಿತ್ತು. ನಮ್ಮ ಬಗ್ಗೆ ಎಲ್ಲವನ್ನೂ ತಿಳಿದ ಕಂಪನಿಯ ಬಗ್ಗೆ ನಮಗೇನು ಗೊತ್ತು? ನಮ್ಮ ವಿವರ ಯಾರ ಕೈಗೆ ಹೋಯಿತೆಂದು ಅದು ನಮಗೆ ಹೇಳಿದ್ದುಂಟೇ? ಅಷ್ಟಕ್ಕೂ, ಚಾಳಿನ ಒಂದೇ ಖೋಲಿಯ ಮನೆಯಲ್ಲೂ ಬಟ್ಟೆ ಬದಲಿಸಲು ಸೀರೆಯ ಪರದೆ ಕಟ್ಟಿಕೊಂಡವರು ನಮ್ಮ ಅಮ್ಮಂದಿರು. ಅದು ತಪ್ಪನ್ನು ಮುಚ್ಚಿಡಲು ಕಟ್ಟಿದ ಪರದೆಯಲ್ಲ; ತನ್ನದೆನ್ನುವ ಒಂದಿಷ್ಟು ಜಾಗಕ್ಕೆ ಕಟ್ಟಿದ ಪರದೆ. ಖಾಸಗಿತನ ಎಂಬ ದೊಡ್ಡ ಪದದ ಅರ್ಥ ಆ ಸೀರೆಯ ಅಂಚಿನಷ್ಟೇ.

ಈಗ ಆ ಪರದೆಗೆ ಕಾನೂನಿನ ಗೂಟ ಹೊಡೆದವರ ಕಥೆ ಕೇಳಿ. ಅವರು ನಮ್ಮವರೇ.

ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ. ಎಸ್. ಪುಟ್ಟಸ್ವಾಮಿಯವರು ಹುಟ್ಟಿದ್ದು 1926ರಲ್ಲಿ. ಆಧಾರ್ ಯೋಜನೆ ದೇಶದಾದ್ಯಂತ ನಡೆಯುತ್ತಿದ್ದಾಗ, ಸಂಸತ್ತಿನ ಕಾಯ್ದೆಯೇ ಇಲ್ಲದೆ ಜನರ ಬೆರಳಚ್ಚು, ಕಣ್ಣಿನ ಗುರುತು ತೆಗೆದುಕೊಳ್ಳುವುದು ಸರಿಯೇ ಎಂದು ಅವರು 2012ರಲ್ಲಿ ಸುಪ್ರೀಂ ಕೋರ್ಟಿನ ಬಾಗಿಲು ತಟ್ಟಿದರು. ಆಗ ಅವರಿಗೆ 86 ವರ್ಷ. ನಮ್ಮ ಮನೆಗಳಲ್ಲಿ ಆ ವಯಸ್ಸಿನವರಿಗೆ, “ನಿಮಗೇಕೆ ಈ ಉಸಾಬರಿ, ರಾಮಾ ಕೃಷ್ಣಾ ಎನ್ನಿ” ಎನ್ನುತ್ತೇವೆ.

ಪ್ರಕರಣ ನಡೆಯುವಾಗ ಸರಕಾರದ ಕಡೆಯಿಂದ ಒಂದು ವಾದ ಬಂತು: ನಮ್ಮ ಸಂವಿಧಾನದಲ್ಲಿ ಖಾಸಗಿತನ ಎಂಬ ಮೂಲಭೂತ ಹಕ್ಕೇ ಇಲ್ಲ. ಇದಕ್ಕೆ 1954ರ ಎಂಟು ನ್ಯಾಯಮೂರ್ತಿಗಳ ಪೀಠದ ತೀರ್ಪು, 1962ರ ಆರು ನ್ಯಾಯಮೂರ್ತಿಗಳ ಪೀಠದ ತೀರ್ಪು ಆಧಾರವಾಗಿದ್ದವು. ಅವುಗಳನ್ನು ಮೀರಿ ಹೇಳಬೇಕಾದರೆ ಇನ್ನೂ ದೊಡ್ಡ ಪೀಠವೇ ಬೇಕು. ಹಾಗಾಗಿ ಒಂಬತ್ತು ನ್ಯಾಯಮೂರ್ತಿಗಳು ಕೂತರು. 2017ರ ಆಗಸ್ಟ್ 24ರಂದು ಒಂಬತ್ತೂ ಮಂದಿ ಒಮ್ಮತದಿಂದ ಹೇಳಿದರು: ಖಾಸಗಿತನ ಮೂಲಭೂತ ಹಕ್ಕು, ಜೀವ ಮತ್ತು ಸ್ವಾತಂತ್ರ್ಯದ ಹಕ್ಕಿನ ಒಳಗೇ ಅದು ಅಡಗಿದೆ. ಇಂದು ದೇಶದ ಯಾವ ಕಾನೂನು ಕಾಲೇಜಿಗೆ ಹೋದರೂ ‘ಪುಟ್ಟಸ್ವಾಮಿ ತೀರ್ಪು’ ಎಂಬ ಕನ್ನಡದ ಹೆಸರು ಪಾಠದಲ್ಲಿದೆ.

ಅವರು ಕೇಳಿದ್ದೆಲ್ಲ ಸಿಕ್ಕಿತೆಂದು ಹೇಳಿದರೆ ಸುಳ್ಳಾದೀತು. 2018ರ ಸೆಪ್ಟೆಂಬರ್ 26ರಂದು ಐವರ ಪೀಠ ನಾಲ್ಕು-ಒಂದರ ಬಹುಮತದಿಂದ ಆಧಾರ್ ಕಾಯ್ದೆಯನ್ನು ಎತ್ತಿಹಿಡಿಯಿತು. ಆದರೆ ಬ್ಯಾಂಕ್ ಖಾತೆಗೆ, ಮೊಬೈಲ್ ಸಿಮ್ಮಿಗೆ ಆಧಾರ್ ಜೋಡಿಸಲೇಬೇಕೆಂಬ ಕಡ್ಡಾಯವನ್ನು ಅದೇ ತೀರ್ಪು ತೆಗೆದುಹಾಕಿತು. ಮರುವರ್ಷ ಕಾಯ್ದೆಗೆ ತಿದ್ದುಪಡಿ ಬಂದು, ಗ್ರಾಹಕರು ತಾವಾಗಿ ಬಯಸಿದರೆ ಅಲ್ಲಿ ಆಧಾರ್ ಬಳಸಬಹುದೆಂದಾಯಿತು. ‘ತಾವಾಗಿ ಬಯಸಿದರೆ’ ಎಂಬ ಮಾತಿನ ಕೆಳಗೆ ಗೆರೆ ಎಳೆಯಿರಿ. ಪುಟ್ಟಸ್ವಾಮಿಯವರು 2024ರ ಅಕ್ಟೋಬರಿನಲ್ಲಿ, ತಮ್ಮ 98ನೆಯ ವಯಸ್ಸಿನಲ್ಲಿ ತೀರಿಕೊಂಡರು. ನಮ್ಮ ಸಂಘ-ಸಂಸ್ಥೆಗಳ ವೇದಿಕೆಯಲ್ಲಿ ಅವರ ಹೆಸರು ಎಷ್ಟು ಬಾರಿ ಕೇಳಿಬಂತು?

ಅಜ್ಜನ ಕಥೆಯಾಯಿತು, ಈಗ ನಿಮ್ಮ ವಯಸ್ಸಿನವರ ಕಥೆ. 2012ರ ನವೆಂಬರ್ 17ರಂದು ಬಾಳಾ ಠಾಕ್ರೆಯವರು ನಿಧನರಾದಾಗ ಮುಂಬಯಿ ಸ್ತಬ್ಧವಾಗಿತ್ತು. ಇಲ್ಲೇ ಪಾಲ್ಘರಿನಲ್ಲಿ ಒಬ್ಬ ಹುಡುಗಿ ಈ ಬಂದ್ ಏಕೆ ಎಂಬರ್ಥದ ನಾಲ್ಕು ಸಾಲನ್ನು ಫೇಸ್‌ಬುಕ್ಕಿನಲ್ಲಿ ಬರೆದಳು. ಅವಳ ಗೆಳತಿ ಅದಕ್ಕೆ ‘ಲೈಕ್’ ಒತ್ತಿದಳು. ಇಬ್ಬರನ್ನೂ ಪೊಲೀಸರು ಬಂಧಿಸಿದರು. ಬರೆದವಳ ಮಾತಿರಲಿ, ಹೆಬ್ಬೆರಳು ಒತ್ತಿದ್ದಕ್ಕೇ ಬಂಧನ! ಆ ಸುದ್ದಿ ಓದಿದ ಶ್ರೇಯಾ ಸಿಂಘಲ್ ಎಂಬ ದೆಹಲಿಯ ತರುಣಿ ಮಾಹಿತಿ ತಂತ್ರಜ್ಞಾನ ಕಾಯ್ದೆಯ 66ಎ ಕಲಮಿನ ವಿರುದ್ಧ ಸುಪ್ರೀಂ ಕೋರ್ಟಿಗೆ ಹೋದಳು. 2015ರ ಮಾರ್ಚ್ 24ರಂದು ನ್ಯಾಯಾಲಯ ಆ ಕಲಮನ್ನೇ ರದ್ದುಗೊಳಿಸಿತು. ಅದೇ ವರ್ಷ, ಅಂತರಜಾಲದ ಎಲ್ಲ ತಾಣಗಳಿಗೂ ಒಂದೇ ದರ, ಒಂದೇ ನ್ಯಾಯ ಇರಬೇಕೆಂದು ಹತ್ತು ಲಕ್ಷಕ್ಕೂ ಹೆಚ್ಚು ಇ-ಮೇಲುಗಳು ದೂರಸಂಪರ್ಕ ನಿಯಂತ್ರಣ ಪ್ರಾಧಿಕಾರಕ್ಕೆ ಹೋದವು. 2016ರ ಫೆಬ್ರವರಿ 8ರಂದು ಪ್ರಾಧಿಕಾರ ತಾರತಮ್ಯದ ದರಗಳನ್ನು ನಿಷೇಧಿಸಿತು. ಆ ಇ-ಮೇಲುಗಳನ್ನು ಕಳಿಸಿದವರಲ್ಲಿ ನಿಮ್ಮಂಥ ತರುಣರೇ ಬಹಳ. ‘ನಾವು ಹೇಳಿದರೆ ಯಾರು ಕೇಳುತ್ತಾರೆ’ ಎನ್ನುವವರಿಗೆ ಈ ಮೂರು ಕಥೆಗಳೇ ಸಾಕು.

ಇನ್ನು ಒಪ್ಪಿಗೆಯ ವಿಷಯ. ಒಪ್ಪದಿದ್ದರೆ ಬೇರೆ ದಾರಿಯೇ ಇಲ್ಲದಿದ್ದಾಗ ಅದು ಒಪ್ಪಿಗೆಯೇ? 2021ರ ಜನವರಿಯಲ್ಲಿ ವಾಟ್ಸಾಪ್ ತನ್ನ ಹೊಸ ನೀತಿಯನ್ನು ತಂದು, ಒಪ್ಪಿದರೆ ಸರಿ ಇಲ್ಲದಿದ್ದರೆ ಖಾತೆಯೇ ಇಲ್ಲ ಎಂಬ ಧಾಟಿಯಲ್ಲಿ ಮಾತಾಡಿದ್ದು ನಿಮಗೆ ನೆನಪಿರಬಹುದು. ಊರಿನ ಸಂಬಂಧಿಕರು, ಸಂಘದ ಗುಂಪು, ಕಚೇರಿಯ ಗುಂಪು ಎಲ್ಲವೂ ಅದರೊಳಗೇ ಇರುವಾಗ ಬಿಟ್ಟು ಹೋಗುವುದೆಲ್ಲಿಗೆ? 2024ರ ನವೆಂಬರಿನಲ್ಲಿ ಭಾರತದ ಸ್ಪರ್ಧಾ ಆಯೋಗ ಈ ಕಾರಣಕ್ಕಾಗಿಯೇ ಅದರ ಒಡೆಯ ಮೆಟಾ ಕಂಪನಿಗೆ 213 ಕೋಟಿ ರೂಪಾಯಿಗೂ ಮೇಲ್ಪಟ್ಟ ದಂಡ ವಿಧಿಸಿತು. ಕಂಪನಿ ಮೇಲ್ಮನವಿ ಹಾಕಿತು. ಅದೇನೇ ಇರಲಿ, ಒತ್ತಡದಿಂದ ಪಡೆದ ಒಪ್ಪಿಗೆಯನ್ನು ಪ್ರಶ್ನಿಸಬಹುದು ಎಂಬುದಂತೂ ಸ್ಪಷ್ಟವಾಯಿತು.

ಸರಕಾರದ ಮಾತಿಗೂ ಇದು ಸಲ್ಲುತ್ತದೆ. ‘ಸಂಚಾರ್ ಸಾಥಿ’ ಎಂಬ ಸರಕಾರಿ ಸೇವೆ ನಿಜಕ್ಕೂ ಉಪಯೋಗದ್ದು. ನಿಮ್ಮ ಹೆಸರಿನಲ್ಲಿ ಎಷ್ಟು ಸಿಮ್ಮುಗಳಿವೆ ಎಂದು ಅದರಲ್ಲಿ ನೋಡಬಹುದು, ಕಳೆದುಹೋದ ಫೋನನ್ನು ನಿಷ್ಕ್ರಿಯಗೊಳಿಸಬಹುದು. ಆದರೆ 2025ರ ನವೆಂಬರ್ ಕೊನೆಗೆ, ಹೊಸ ಫೋನುಗಳಲ್ಲೆಲ್ಲ ಈ ಆ್ಯಪನ್ನು ಮೊದಲೇ ಹಾಕಿರಬೇಕೆಂದು ಆದೇಶ ಹೊರಟಾಗ ದೇಶದಲ್ಲಿ ಗದ್ದಲವೆದ್ದಿತು. ಕೆಲವೇ ದಿನಗಳಲ್ಲಿ, ಡಿಸೆಂಬರ್ ಮೊದಲ ವಾರದಲ್ಲಿ, ಸರಕಾರ ಆ ಕಡ್ಡಾಯವನ್ನು ಹಿಂತೆಗೆದುಕೊಂಡಿತು. ಪಾಯಸ ಒಳ್ಳೆಯದೇ, ಮೂಗು ಹಿಡಿದು ಕುಡಿಸಲು ಬಂದರೆ ಮಾತ್ರ ಅನುಮಾನ ಬರುತ್ತದೆ.

ಹೆಬ್ಬೆರಳನ್ನು ಜಾರಿಸುವ ಕಲೆಯಲ್ಲಿ ವ್ಯಾಪಾರಿಗಳು ಪಳಗಿದವರು. ‘ಇನ್ನು ಎರಡೇ ಉಳಿದಿವೆ’ ಎಂದು ಹೆದರಿಸುವುದು, ನೀವು ಕೇಳದ ವಿಮೆಯನ್ನು ಬುಟ್ಟಿಗೆ ಸೇರಿಸುವುದು, ಸೇರಲು ಒಂದು ಗುಂಡಿ ಇಟ್ಟು ಬಿಡಲು ಹತ್ತು ಬಾಗಿಲು ದಾಟಿಸುವುದು, ‘ಬೇಡ, ನನಗೆ ಉಳಿತಾಯ ಇಷ್ಟವಿಲ್ಲ’ ಎಂದು ನಮ್ಮ ಬಾಯಿಂದಲೇ ಹೇಳಿಸಿ ನಾಚಿಸುವುದು. ಇಂಥ 13 ಬಗೆಯ ಕಣ್ಕಟ್ಟುಗಳನ್ನು ಹೆಸರಿಸಿ ನಿಷೇಧಿಸಿದ ಮಾರ್ಗಸೂಚಿ 2023ರ ನವೆಂಬರ್ 30ರಂದು ಹೊರಬಂದಿದೆ. ದೂರು ಕೊಡಲು ರಾಷ್ಟ್ರೀಯ ಗ್ರಾಹಕ ಸಹಾಯವಾಣಿಯ 1915 ಸಂಖ್ಯೆ ಇದೆ. ಇದನ್ನು ಬರೆದಿಟ್ಟುಕೊಳ್ಳಿ.

‘ಕೊಳ್ಳಿ’ ಎಂಬ ಗುಂಡಿಯ ಮಾತನ್ನೂ ಪೂರ್ತಿ ನಂಬುವಂತಿಲ್ಲ. 2009ರ ಜುಲೈಯಲ್ಲಿ ಅಮೆರಿಕದಲ್ಲಿ ಅಮೆಜಾನ್ ಕಂಪನಿ, ಜನರು ದುಡ್ಡು ಕೊಟ್ಟು ಕೊಂಡಿದ್ದ ಎರಡು ಪುಸ್ತಕಗಳನ್ನು ಅವರ ಕಿಂಡಲ್ ಯಂತ್ರಗಳಿಂದ ದೂರದಿಂದಲೇ ಅಳಿಸಿಹಾಕಿತು. ಮಾರಿದವರಿಗೆ ಮಾರುವ ಹಕ್ಕಿರಲಿಲ್ಲವೆಂಬುದು ಕಾರಣ. ದುಡ್ಡು ಹಿಂತಿರುಗಿಸಿದರು, ಕ್ಷಮೆಯನ್ನೂ ಕೇಳಿದರು. ತಮಾಷೆಯೆಂದರೆ ಅವುಗಳಲ್ಲೊಂದು ಜಾರ್ಜ್ ಆರ್ವೆಲ್ಲನ ‘1984’; ಸದಾ ಕಣ್ಣಿಟ್ಟಿರುವ ಅಧಿಕಾರದ ಕಥೆಯೇ ಅದು! ನಮ್ಮ ಸಂಘದ ಗ್ರಂಥಾಲಯದ ಕಪಾಟಿನಲ್ಲಿ ಧೂಳು ಹಿಡಿದಿರುವ ಕಾದಂಬರಿಯನ್ನು ಪ್ರಕಾಶಕರು ರಾತ್ರೋರಾತ್ರಿ ಬಂದು ಒಯ್ಯಲಾರರು. ಡಿಜಿಟಲ್ ಪುಸ್ತಕದಲ್ಲಿ, ಹಾಡಿನಲ್ಲಿ, ಸಿನೆಮಾದಲ್ಲಿ ನೀವು ಕೊಳ್ಳುವುದು ಹೆಚ್ಚಾಗಿ ಓದುವ, ಕೇಳುವ, ನೋಡುವ ಪರವಾನಗಿಯನ್ನು. ವಸ್ತು ಅವರದ್ದೇ.

ಈಗ ಬಂದಿರುವ ಕಾನೂನಿನ ಬಗ್ಗೆ ಎರಡು ಮಾತು. ವೈಯಕ್ತಿಕ ಮಾಹಿತಿಯ ರಕ್ಷಣೆಗಾಗಿ ಸಂಸತ್ತು ಮಾಡಿದ ಕಾಯ್ದೆಗೆ 2023ರ ಆಗಸ್ಟ್ 11ರಂದು ರಾಷ್ಟ್ರಪತಿಗಳ ಅಂಕಿತ ಬಿತ್ತು. ಅದರ ನಿಯಮಗಳು 2025ರ ನವೆಂಬರಿನಲ್ಲಿ ಪ್ರಕಟವಾದವು. ಕಂಪನಿಗಳಿಗೆ ತಯಾರಾಗಲು ಅಲ್ಲಿಂದ ಒಂದೂವರೆ ವರ್ಷದ ಕಾಲಾವಕಾಶ ಸಿಕ್ಕಿತು. ಸರಕಾರಕ್ಕೆ ಅದರಲ್ಲಿ ಕೊಟ್ಟಿರುವ ವಿನಾಯಿತಿಗಳು ತೀರಾ ಹೆಚ್ಚಾದವು, ಮಾಹಿತಿ ಹಕ್ಕಿನ ಕಾಯ್ದೆಯನ್ನು ಅದು ಸಡಿಲಗೊಳಿಸಿತು ಎಂಬ ಟೀಕೆಗಳಿವೆ. ಟೀಕೆಗಳಲ್ಲಿ ಹುರುಳೂ ಇದೆ. ಆದರೂ ನಮಗೆ ಬೇಕಾದ ಕೆಲವು ಸಂಗತಿಗಳು ಅಲ್ಲಿವೆ. ಒಪ್ಪಿಗೆಯನ್ನು ಕೊಟ್ಟಷ್ಟೇ ಸುಲಭವಾಗಿ ಹಿಂತೆಗೆದುಕೊಳ್ಳುವಂತಿರಬೇಕು. ನಮ್ಮ ಮಾಹಿತಿಯನ್ನು ತಿದ್ದಿಸುವ, ಅಳಿಸುವ ಹಕ್ಕಿದೆ. ನಾವು ತೀರಿಕೊಂಡ ಮೇಲೆ ನಮ್ಮ ಪರವಾಗಿ ಈ ಹಕ್ಕುಗಳನ್ನು ಚಲಾಯಿಸಲು ಒಬ್ಬರನ್ನು ನಾಮಕರಣ ಮಾಡಬಹುದು. 18 ತುಂಬದವರ ವಿಷಯದಲ್ಲಿ ತಂದೆತಾಯಿಯ ಒಪ್ಪಿಗೆ ಬೇಕು. ಇಲ್ಲೊಂದು ನಗೆಯ ಪ್ರಸಂಗವೂ ಇದೆ: ಆ ಒಪ್ಪಿಗೆ ಕೊಡುವುದು ಹೇಗೆಂದು ಅಪ್ಪ ಕೇಳುವುದು ಮಗನನ್ನೇ ಅಲ್ಲವೇ!

ನನಗೆ ಎಲ್ಲಕ್ಕಿಂತ ಮುಖ್ಯವೆನಿಸಿದ್ದು ಇನ್ನೊಂದು. ಒಪ್ಪಿಗೆ ಕೇಳುವ ಒಕ್ಕಣೆಯನ್ನು ಇಂಗ್ಲಿಷಿನಲ್ಲಿ ಅಥವಾ ಸಂವಿಧಾನದ ಎಂಟನೆಯ ಪರಿಚ್ಛೇದದ 22 ಭಾಷೆಗಳಲ್ಲಿ ಯಾವುದರಲ್ಲಾದರೂ ಓದುವ ಆಯ್ಕೆಯನ್ನು ಕೊಡಬೇಕೆಂದು ಆ ಕಾಯ್ದೆ ಹೇಳುತ್ತದೆ. ಆ 22ರಲ್ಲಿ ಕನ್ನಡವೂ ಒಂದು. ಕನ್ನಡಕ್ಕಾಗಿ ಕೇಳಲು ಕರ್ನಾಟಕದಲ್ಲೇ ಇರಬೇಕೆಂದೇನೂ ಅಲ್ಲಿ ಬರೆದಿಲ್ಲ. ಡೊಂಬಿವಲಿಯಲ್ಲಿ ಕುಳಿತ ನಿಮ್ಮ ಅಜ್ಜಿಗೂ ಅದು ಸಲ್ಲುತ್ತದೆ. ಆದರೆ ಕೇಳುವವರೇ ಇಲ್ಲದ ಭಾಷೆಯಲ್ಲಿ ಯಾವ ಕಂಪನಿ ತಾನೇ ಮನಸ್ಸಿಟ್ಟು ಬರೆದೀತು? ಪೆಟ್ಟಿಗೆಯಲ್ಲಿ ‘ಕನ್ನಡ’ ಎಂಬ ಆಯ್ಕೆಯನ್ನು ಒತ್ತುವ ಹೆಬ್ಬೆರಳುಗಳು ಹೆಚ್ಚಿದರೆ ಮಾತ್ರ ಆ ಒಕ್ಕಣೆಯ ಕನ್ನಡ ಯಂತ್ರದ ತೊದಲಿನಿಂದ ಮನುಷ್ಯರ ಮಾತಿಗೆ ಬಂದೀತು.

ಇದೆಲ್ಲ ಬರೀ ತತ್ವದ ಮಾತೆಂದು ತಿಳಿಯಬೇಡಿ. ‘ಡಿಜಿಟಲ್ ಅರೆಸ್ಟ್’ ಎಂಬ ವಂಚನೆಯ ಸುದ್ದಿ ಓದದ ದಿನವೇ ಇಲ್ಲ. ಪೊಲೀಸರ ವೇಷ ಹಾಕಿದವನೊಬ್ಬ ವೀಡಿಯೋ ಕರೆಯಲ್ಲಿ ಬಂದು, “ನಿಮ್ಮ ಹೆಸರಿನ ಪಾರ್ಸೆಲಿನಲ್ಲಿ ಮಾದಕ ವಸ್ತು ಸಿಕ್ಕಿದೆ, ಕ್ಯಾಮರಾ ಮುಂದಿನಿಂದ ಏಳಬೇಡಿ, ಯಾರಿಗೂ ಹೇಳಬೇಡಿ” ಎಂದು ಬೆದರಿಸಿ ನಿವೃತ್ತರ ಉಳಿತಾಯವನ್ನು ದೋಚುತ್ತಾನೆ. ನಮ್ಮ ಕಾನೂನಿನಲ್ಲಿ ಅಂಥ ಬಂಧನವೇ ಇಲ್ಲ. ಪ್ರಧಾನಿಯವರೂ 2024ರ ಅಕ್ಟೋಬರ್ 27ರ ರೇಡಿಯೋ ಭಾಷಣದಲ್ಲಿ ಇದನ್ನೇ ಹೇಳಿದರು. ಹಾಗಿದ್ದೂ ಜೀವನವಿಡೀ ಲೆಕ್ಕಪತ್ರ ನೋಡಿದ ಹಿರಿಯರು ನಂಬುವುದೇಕೆ? ಕರೆ ಮಾಡಿದವನಿಗೆ ಅವರ ಪೂರ್ತಿ ಹೆಸರು, ವಿಳಾಸ, ಆಧಾರ್ ಸಂಖ್ಯೆ ಗೊತ್ತಿರುತ್ತದೆ. “ಪೊಲೀಸನಲ್ಲದಿದ್ದರೆ ಇದೆಲ್ಲ ಹೇಗೆ ಗೊತ್ತು?” ಎಂಬ ಒಂದೇ ಪ್ರಶ್ನೆ ಅವರನ್ನು ಕಟ್ಟಿಹಾಕುತ್ತದೆ. ಊರೆಲ್ಲ ಹಂಚಿದ ಆಧಾರ್ ಪ್ರತಿ, ಎಲ್ಲ ಕೌಂಟರಿನಲ್ಲೂ ಒದರಿದ ನಂಬರು, ಓದದೆ ಒತ್ತಿದ ಗುಂಡಿ ಇವೆಲ್ಲ ಕೊನೆಗೆ ಯಾರ ಕೈ ಸೇರೀತೆಂದು ಹೇಳಬಲ್ಲವರು ಯಾರು?

ಆದ್ದರಿಂದ ಈ ತಿಂಗಳು ಒಂದು ಭಾನುವಾರ, ಊಟವಾದ ಮೇಲೆ, ಮನೆಯವರೊಡನೆ ಅರ್ಧ ಗಂಟೆ ಕೂತು ಈ ಕೆಲಸಗಳನ್ನು ಮಾಡಿ:

ಒಂದು, ಅಪ್ಪ-ಅಮ್ಮ-ಅಜ್ಜಿಯ ಫೋನುಗಳಲ್ಲಿ ಯಾವ ಆ್ಯಪಿಗೆ ಮೈಕು, ಕ್ಯಾಮರಾ, ಸ್ಥಳ, ಫೋನ್ ಪುಸ್ತಕದ ಅನುಮತಿ ಇದೆ ಎಂದು ನೋಡಿ. ಟಾರ್ಚಿನ ಆ್ಯಪಿಗೆ ನಿಮ್ಮ ನೆಂಟರ ನಂಬರುಗಳು ಏಕೆ ಬೇಕು? ತೆಗೆದುಹಾಕಿ.

ಎರಡು, ಆಧಾರ್ ಪ್ರಾಧಿಕಾರದ ತಾಣದಿಂದ ಕೊನೆಯ ನಾಲ್ಕು ಅಂಕೆ ಮಾತ್ರ ಕಾಣುವ ‘ಮಾಸ್ಕ್ಡ್’ ಆಧಾರ್ ಇಳಿಸಿಕೊಡಿ. ಬೆರಳಚ್ಚಿಗೆ ಬೀಗ ಹಾಕುವ ಸೌಲಭ್ಯವನ್ನೂ ತೋರಿಸಿ.

ಮೂರು, ದುಡ್ಡು ಬರಲು ಯುಪಿಐ ಪಿನ್ ಬೇಕಾಗುವುದೇ ಇಲ್ಲ ಎಂಬ ಒಂದು ವಾಕ್ಯವನ್ನು ಕನ್ನಡದಲ್ಲಿ ದೊಡ್ಡದಾಗಿ ಬರೆದು ಫ್ರಿಜ್ಜಿಗೆ ಅಂಟಿಸಿ. ಅದರ ಕೆಳಗೆ ಸೈಬರ್ ವಂಚನೆಯ ಸಹಾಯವಾಣಿ 1930 ಎಂದು ಬರೆಯಿರಿ. ದುಡ್ಡು ಹೋದ ಕೂಡಲೇ ಕರೆ ಮಾಡಿದರೆ ಅದನ್ನು ತಡೆಹಿಡಿಯುವ ಸಾಧ್ಯತೆ ಹೆಚ್ಚು.

ನಾಲ್ಕು, ಸೊಸೈಟಿಯ ಸಭೆಯಲ್ಲಿ ಒಂದು ಪ್ರಶ್ನೆ ಕೇಳಿ: ಗೇಟಿನಲ್ಲಿ ತೆಗೆದ ಫೋಟೋ, ನಂಬರುಗಳನ್ನು ಎಷ್ಟು ದಿನ ಇಡುತ್ತೀರಿ, ಯಾರು ನೋಡುತ್ತಾರೆ, ಯಾವಾಗ ಅಳಿಸುತ್ತೀರಿ? ಉತ್ತರ ಗೊತ್ತಿಲ್ಲದೆ ಕಾರ್ಯದರ್ಶಿಗಳು ತಡವರಿಸಿದರೆ ಬೇಸರಿಸಬೇಡಿ. ಪ್ರಶ್ನೆ ದಾಖಲಾದರೆ ಅರ್ಧ ಕೆಲಸ ಆದಂತೆ.

ಐದನೆಯದು ನಿಮಗೇ ಹೇಳಬೇಕಾದದ್ದು. ಮನೆಯವರ ಪಾಸ್‌ವರ್ಡುಗಳೆಲ್ಲ ನಿಮ್ಮ ಬಳಿ ಇವೆ. ಅಪ್ಪನ ಖಾತೆಯಲ್ಲಿ ಎಷ್ಟಿದೆ, ಅಮ್ಮ ತನ್ನ ತಂಗಿಯೊಡನೆ ಏನು ಮಾತಾಡುತ್ತಾಳೆ ಎಲ್ಲವನ್ನೂ ನೀವು ನೋಡಬಲ್ಲಿರಿ. ಕಂಪನಿಗಳಿಗೆ ಕೇಳುವ ನ್ಯಾಯ ನಿಮಗೂ ಅನ್ವಯಿಸುತ್ತದೆ. ಅಜ್ಜಿ ಬಾಯಿ ತೆರೆದು ನಿದ್ದೆ ಮಾಡುವ ವೀಡಿಯೋ ನಿಮಗೆ ಮುದ್ದಾಗಿ ಕಾಣಬಹುದು. ಅದನ್ನು ಇನ್‌ಸ್ಟಾಗ್ರಾಮಿಗೆ ಹಾಕುವ ಮುನ್ನ ಅವರನ್ನು ಕೇಳಿದಿರಾ? ಹತ್ತು ಮಕ್ಕಳನ್ನು ಒಂದೇ ಕೋಣೆಯಲ್ಲಿ ಬೆಳೆಸಿದ ಆ ಜೀವಕ್ಕೂ ಒಂದು ಸೀರೆಯ ಪರದೆ ಬೇಕು.

ಈ ಪುಟವನ್ನು ನೀವೇ ಓದುತ್ತಿದ್ದೀರೋ, ಅಮ್ಮ ಓದಿ ಹೇಳುತ್ತಿದ್ದಾರೋ ನನಗೆ ತಿಳಿಯದು. ನಮ್ಮ ಮನೆಗಳಲ್ಲಿ ಎರಡೂ ನಡೆಯುತ್ತದೆ. ಅಮ್ಮ ಓದಿ ಹೇಳುತ್ತಿದ್ದರೆ ನಾಚಿಕೆ ಬೇಡ. ಅವರು ನಿಮಗೆ ಕನ್ನಡ ಓದಿ ಹೇಳಲಿ, ನೀವು ಅವರಿಗೆ ಫೋನಿನ ಇಂಗ್ಲಿಷನ್ನು ಓದಿ ಹೇಳಿ, ಇದ್ದದ್ದನ್ನು ಇದ್ದ ಹಾಗೆ. “ಅಮ್ಮಾ, ಇದು ನಿನ್ನ ಫೋಟೋಗಳನ್ನೆಲ್ಲ ನೋಡ್ತೀನಿ ಅಂತಿದೆ, ಬಿಡಲಾ ಬೇಡವಾ?” ಎಂದು ಒಮ್ಮೆ ಕೇಳಿ ನೋಡಿ. ಅವರು ‘ಬೇಡ’ ಎಂದರೆ ಆ ‘ಬೇಡ’ವನ್ನೇ ಒತ್ತಿ.

ಮುಂದಿನ ಸಂಚಿಕೆಯಲ್ಲಿ ಕೆಟ್ಟ ಫೋನನ್ನು ಎಸೆಯಬೇಕೇ, ದುರಸ್ತಿ ಮಾಡಿಸಬೇಕೇ, ದುರಸ್ತಿಯೂ ಒಂದು ಹಕ್ಕೇ ಎಂಬುದನ್ನು ಲ್ಯಾಮಿಂಗ್ಟನ್ ರೋಡಿನ ಅಂಗಡಿಗಳ ಕಡೆಯಿಂದ ನೋಡೋಣ. ಅಲ್ಲಿಯವರೆಗೆ, ನಿಮ್ಮ ಸೊಸೈಟಿಯ ಕಾರ್ಯದರ್ಶಿಗಳು ಏನೆಂದರು ಎಂಬುದನ್ನು ನಾಲ್ಕು ಸಾಲು ಬರೆದು ತಿಳಿಸಿ. ಕನ್ನಡದಲ್ಲೇ ಬರೆಯಿರಿ. ಕಾಗುಣಿತ ತಪ್ಪಿದರೂ ಚಿಂತೆಯಿಲ್ಲ, ಸಹಿ ನಿಮ್ಮದಾಗಿದ್ದರೆ ಸಾಕು.